ಪೋಸ್ಟರಿನ ಆರು ಗಂಟೆಯನ್ನು ನಂಬಬೇಡಿ

ಪ್ರಶ್ನೆ: ನಾವು ಶಿವಮೊಗ್ಗದ ವಿನೋಬನಗರದವರು. ಮಗನಿಗೆ ಐದು ವರ್ಷ, ಮಗಳಿಗೆ ಒಂದು ವರ್ಷ ಎರಡು ತಿಂಗಳು. ಕಾಲೇಜಿನಲ್ಲಿದ್ದಾಗ ನಾನೂ ನಮ್ಮನೆಯವರೂ ಹುಚ್ಚು ಹಿಡಿದವರ ಹಾಗೆ ಕೇಳುತ್ತಿದ್ದ ಬ್ಯಾಂಡ್ ಒಂದು ಈಗ ನಮ್ಮೂರಿಗೇ ಬರುತ್ತಿದೆ. ಬಯಲಿನಲ್ಲಿ ಕಾರ್ಯಕ್ರಮ, ಟಿಕೆಟ್ ಇಲ್ಲ, ಫ್ರೀಡಂ ಪಾರ್ಕಿನಲ್ಲಿ ಅಂತ ಹೇಳುತ್ತಿದ್ದಾರೆ. ಮಗಳು ಹುಟ್ಟಿದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋಗಿಲ್ಲ. ತೀರ್ಥಹಳ್ಳಿಯಿಂದ ಅತ್ತೆ ಬಂದು ಮಕ್ಕಳನ್ನು ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಜೊತೆಗೆ "ಬ್ಯಾಂಡ್ ಸೆಟ್ ನೋಡೋಕೆ ರಾತ್ರಿ ಹೊತ್ತು ಹೋಗ್ಬೇಕಾ? ಹೋಗೋದಾದ್ರೆ ಮಕ್ಕಳನ್ನೂ ಕರ್ಕೊಂಡು ಹೋಗಿ, ನಾವು ಬಯಲಾಟಕ್ಕೆ ಕರ್ಕೊಂಡು ಹೋಗ್ತಿರಲಿಲ್ವಾ" ಅಂತಲೂ ಅಂದರು. ಕರೆದುಕೊಂಡು ಹೋಗುವುದಾ, ಬಿಟ್ಟು ಹೋಗುವುದಾ? ಎಷ್ಟು ಹೊತ್ತಿಗೆ ಹೊರಡಬೇಕು? ಎಲ್ಲಿ ನಿಂತರೆ ಚೆನ್ನಾಗಿ ಕೇಳಿಸುತ್ತದೆ? ಮಳೆ ಬಂದರೆ?

ಉತ್ತರ: ಮೊದಲು ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಬ್ಯಾಂಡ್ ಅಂದರೆ ಮದುವೆ ದಿಬ್ಬಣದ ಬ್ಯಾಂಡ್ ಸೆಟ್ ಅಂತಲೇ ನಮ್ಮಮ್ಮನೂ ತಿಳಿದಿದ್ದರು. ನಾನು ಮೂವತ್ತು ವರ್ಷದಿಂದ ಇದೇ ಊರಿನಲ್ಲಿ ಮೈಕ್ ಸೆಟ್ ಹಾಕುತ್ತಿದ್ದೇನೆ. ಅಹುಜಾ ಆಂಪ್ಲಿಫೈಯರ್, ಎರಡು ಹಾರ್ನ್, ಒಂದು ಸೈಕಲ್, ಇಷ್ಟರಿಂದ ಶುರುವಾಗಿ ಈಗ ಲಾರಿ ತುಂಬ ಲೈನ್ ಅರೇ ಸ್ಪೀಕರ್ ತಂದು ಕಟ್ಟುವಲ್ಲಿಗೆ ಬಂದಿದ್ದೇನೆ. ಆದರೂ ನಮ್ಮಮ್ಮ ಕೊನೆಯವರೆಗೂ ನೆಂಟರ ಹತ್ತಿರ "ಮಗ ಬ್ಯಾಂಡ್ ಸೆಟ್ ಜೊತೆ ಹೋಗ್ತಾನೆ" ಅಂತಲೇ ಹೇಳುತ್ತಿದ್ದರು. ಹಾಗಾಗಿ ಅತ್ತೆಯವರ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ. ಬಯಲಾಟದ ಮಾತಿದೆಯಲ್ಲ, ಅದು ನಿಜವಾಗಿಯೂ ಒಳ್ಳೆಯ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದೇ ಮುಖ್ಯ. ಎಷ್ಟು ಹೊತ್ತಿಗೆ ಹೊರಡಬೇಕು ಅನ್ನುವುದು ಸರಿಹೋದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ.

ಪೋಸ್ಟರಿನಲ್ಲಿ ಸಂಜೆ 6 ಅಂತ ಇರುತ್ತದೆ. ಅದು ನಿಮ್ಮ ಬ್ಯಾಂಡ್ ಬರುವ ಹೊತ್ತಲ್ಲ. ಅದು ನಾವು ಕುರ್ಚಿ ಒರೆಸುವ ಹೊತ್ತು. ಟಿಕೆಟ್ ಇಟ್ಟ ಕಾರ್ಯಕ್ರಮದಲ್ಲಿ ಲೇಟಾದರೆ ಜನ ಗಲಾಟೆ ಮಾಡುತ್ತಾರೆ. ಉಚಿತ ಕಾರ್ಯಕ್ರಮದ ಖರ್ಚು ಕೊಟ್ಟವರು ಬೇರೆ ಇರುತ್ತಾರೆ, ಅವರು ವೇದಿಕೆಗೆ ಬರಲೇಬೇಕು. ದೀಪ ಹಚ್ಚಬೇಕು, ಮೇಣದ ಬತ್ತಿ ಗಾಳಿಗೆ ಎರಡು ಸಲ ಆರಬೇಕು. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಆಮೇಲೆ 'ನಾನು ಜಾಸ್ತಿ ಮಾತಾಡಲ್ಲ' ಅಂತ ಶುರು ಮಾಡುವ ಅಧ್ಯಕ್ಷರ ಭಾಷಣ. ಇಡೀ ಸಂಜೆಯಲ್ಲಿ ಇಷ್ಟೇ ಹೊತ್ತು ಅಂತ ಗ್ಯಾರಂಟಿ ಇರುವುದು ನಾಡಗೀತೆಗೆ ಮಾತ್ರ. 2022ರಲ್ಲಿ ಸರ್ಕಾರ ಅದಕ್ಕೆ ಎರಡೂವರೆ ನಿಮಿಷ ಅಂತ ಆದೇಶ ಮಾಡಿತು. ಭಾಷಣಕ್ಕೂ ಅಂಥದ್ದೊಂದು ಆದೇಶ ಬರಲಿ ಅಂತ ನಮ್ಮ ಹುಡುಗರು ಜನರೇಟರ್ ಪಕ್ಕ ಕೂತು ಮಾತಾಡಿಕೊಳ್ಳುತ್ತಾರೆ.

ಶುರುವಾಗುವ ಹೊತ್ತು ರಬ್ಬರ್ ಇದ್ದ ಹಾಗೆ. ಮುಗಿಯುವ ಹೊತ್ತು ಹಾಗಲ್ಲ, ಅದಕ್ಕೆ ಕಾನೂನಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಬಿಡಬಹುದು. ಹಾಗಾಗಿ ಮೊದಲು ತಿಳಿದುಕೊಳ್ಳಬೇಕಾದದ್ದು ಇಷ್ಟೇ. ನಿಮ್ಮ ಕಾರ್ಯಕ್ರಮಕ್ಕೆ 10ರವರೆಗೆ ಅನುಮತಿಯೋ 12ರವರೆಗೋ? ಆಯೋಜಕರಲ್ಲಿ ಗುರುತಿನವರಿದ್ದರೆ ಒಂದು ಫೋನ್ ಮಾಡಿ ಕೇಳಿ. ಸುಮ್ಮನೆ 'ಎಷ್ಟೊತ್ತಿಗೆ ಶುರು' ಅಂತ ಕೇಳಬೇಡಿ. 'ಪೊಲೀಸ್ ಪರ್ಮಿಷನ್ ಎಷ್ಟೊತ್ತಿನವರೆಗೆ' ಅಂತ ಕೇಳಿ. ಆಗ ನಿಜ ಹೇಳುತ್ತಾರೆ.

ಈಗ ಹಿಂದಕ್ಕೆ ಎಣಿಸಿಕೊಂಡು ಬನ್ನಿ. 10ಕ್ಕೆ ಬಂದ್ ಅಂದರೆ 9:50ಕ್ಕೆ ಕೊನೆಯ ಹಾಡು. ಇಂಥ ವೇದಿಕೆಗಳಲ್ಲಿ ಬ್ಯಾಂಡ್‌ನವರು ಸಾಮಾನ್ಯವಾಗಿ ಒಂದೂಕಾಲು, ಒಂದೂವರೆ ಗಂಟೆ ಹಾಡುತ್ತಾರೆ. ಹಾಗಾದರೆ ಅವರು ವೇದಿಕೆಗೆ ಬರುವುದು 8:20, 8:30ರ ಸುಮಾರಿಗೆ. ನಡುವೆ ಉಪಕರಣ ಜೋಡಿಸಲು ಹತ್ತು ಹದಿನೈದು ನಿಮಿಷ. ನೀವು 8ಕ್ಕೆ ಮನೆ ಬಿಟ್ಟರೂ ತಡವಾಗಿಲ್ಲ. ಅಲ್ವಾ? ವಿನೋಬನಗರದಿಂದ ಫ್ರೀಡಂ ಪಾರ್ಕ್ ಎಷ್ಟು ದೂರ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಈ ಲೆಕ್ಕದ ಲಾಭ ನೋಡಿ. ಮಕ್ಕಳ ಊಟ ನಿಮ್ಮ ಕೈಯಿಂದಲೇ ಆಗುತ್ತದೆ, ಚಿಕ್ಕದನ್ನು ನೀವೇ ಮಲಗಿಸಿ ಹೊರಡಬಹುದು. ಐದೂವರೆಗೇ ರೆಡಿಯಾಗಿ, ಅಳುವ ಮಗುವನ್ನು ಅತ್ತೆ ಕೈಗೆ ಕೊಟ್ಟು ಓಡಿ ಹೋಗಿ, ಅಲ್ಲಿ ಎರಡೂವರೆ ಗಂಟೆ ಸನ್ಮಾನ ನೋಡುತ್ತಾ ಕೂರುವ ಅಪ್ಪ ಅಮ್ಮಂದಿರನ್ನು ನಾನು ತುಂಬ ನೋಡಿದ್ದೇನೆ. ಬ್ಯಾಂಡ್ ಬರುವ ಹೊತ್ತಿಗೆ ಅವರು ವಾಚ್ ನೋಡಲು ಶುರು ಮಾಡಿರುತ್ತಾರೆ. ಮೂರನೇ ಹಾಡಿಗೆ ಎದ್ದು ಹೋಗುತ್ತಾರೆ.

ನಾನೂ ಹಾಗೆ ಎದ್ದು ಹೋದವನೇ. ಮಗಳಿಗೆ ಆಗ ಹತ್ತು ತಿಂಗಳು. ಬೇರೆಯವರು ಸೌಂಡ್ ಹಾಕಿದ್ದ ಕಾರ್ಯಕ್ರಮ, ನನಗೆ ಅಪರೂಪಕ್ಕೆ ರಜೆ. ಹೆಂಡತಿಯನ್ನು ಕರೆದುಕೊಂಡು ಹೋಗಿ ಆರು ಗಂಟೆಗೇ ಮುಂದಿನ ಸಾಲಿನಲ್ಲಿ ಕೂತೆ. ಎಂಟೂವರೆಗೆ ಬ್ಯಾಂಡ್ ಬಂತು. ಎರಡನೇ ಹಾಡಿನ ನಡುವೆ ಹೆಂಡತಿ ಪರ್ಸಿನಿಂದ ಫೋನ್ ತೆಗೆದರೆ ಅಮ್ಮನದು ಹನ್ನೊಂದು ಮಿಸ್ಡ್ ಕಾಲ್. ವಾಪಸ್ ಮಾಡಿದರೆ ಲೈನ್ ಸಿಗಲಿಲ್ಲ. ಆಮೇಲೆ ನಾವು ಸ್ಕೂಟರ್ ಹತ್ತಿದ್ದು, ಸಿಗ್ನಲ್ ಹಾರಿದ್ದು, ಮನೆ ಬಾಗಿಲು ತಟ್ಟಿದ್ದು ಯಾವುದೂ ಸರಿಯಾಗಿ ನೆನಪಿಲ್ಲ. ಅಮ್ಮ ಬಾಗಿಲು ತೆಗೆದು "ಎಂತ ಇಷ್ಟು ಬೇಗ? ಕೊಬ್ಬರಿ ಎಣ್ಣೆ ಬಾಟ್ಲಿ ಎಲ್ಲಿಟ್ಟಿದ್ದೀರಿ ಅಂತ ಕೇಳೋಕೆ ಮಾಡ್ದೆ" ಅಂದರು. ಮಗಳು ನಿದ್ದೆ ಮಾಡುತ್ತಿದ್ದಳು. ಹೆಂಡತಿ ಅವತ್ತು ನನ್ನ ಹತ್ತಿರ ಮಾತಾಡಲಿಲ್ಲ. ಅದರಲ್ಲಿ ನನ್ನ ತಪ್ಪೇನು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅದಕ್ಕೇ ಫೋನಿನ ವಿಷಯ ಮೊದಲೇ ಮಾತಾಡಿಕೊಳ್ಳಿ. ಸಾವಿರಾರು ಜನ ಒಂದೇ ಮೈದಾನದಲ್ಲಿ ನಿಂತು ವಿಡಿಯೋ ಕಳಿಸಲು ಶುರು ಮಾಡಿದರೆ ನೆಟ್ ಸತ್ತುಹೋಗುತ್ತದೆ. ವಾಟ್ಸಾಪ್ ಸುತ್ತುತ್ತಲೇ ಇರುತ್ತದೆ. ಕರೆ ಹೋದರೂ ಹೋಗಬಹುದು, ಇಲ್ಲದಿದ್ದರೂ ಇಲ್ಲ. ಮಾಮೂಲಿ ಎಸ್ಸೆಮ್ಮೆಸ್ ಮಾತ್ರ ಸ್ವಲ್ಪ ತಡವಾದರೂ ನುಸುಳಿಕೊಂಡು ಬರುವುದು ಜಾಸ್ತಿ. ಅತ್ತೆಯವರಿಗೆ ಎಸ್ಸೆಮ್ಮೆಸ್ ಬರುವುದಿಲ್ಲವಾದರೆ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಡಿ. ಒಂದು ಮಿಸ್ಡ್ ಕಾಲ್ ಅಂದರೆ ಏನೋ ಕೇಳಬೇಕು, ಅರ್ಜೆಂಟಿಲ್ಲ. ಪಕ್ಕದ ಮನೆಯವರಿಂದ ಕಾಲ್ ಬಂದರೆ ಮಾತ್ರ ಎದ್ದು ಬನ್ನಿ. ನೀವೂ ಒಂಬತ್ತಕ್ಕೆ ಒಂದು ಸಲ ಗೇಟಿನಿಂದ ಆಚೆ ನೂರು ಇನ್ನೂರು ಮೀಟರ್ ನಡೆದು ಹೋಗಿ ಮನೆಗೆ ಫೋನ್ ಮಾಡಿ. ಅಲ್ಲಿ ಲೈನ್ ಸಿಗುವ ಸಾಧ್ಯತೆ ಜಾಸ್ತಿ. ಆಮೇಲೆ ಫೋನ್ ಜೇಬಿಗೆ ಹಾಕಿ. ಗೂಗಲ್ ಪೇ, ಫೋನ್ ಪೇ ಕೂಡ ಅಲ್ಲಿ ಕೈಕೊಡುತ್ತವೆ. ಹಾಗಾಗಿ ಚಿಲ್ಲರೆ ನೋಟು ಇಟ್ಟುಕೊಳ್ಳಿ. ಮಂಡಕ್ಕಿ ಗಾಡಿಯವನಿಗೆ ಐನೂರರ ನೋಟು ಕೊಟ್ಟರೆ ಅವನು ನಿಮ್ಮ ಮುಖ ನೋಡುವ ರೀತಿಯೇ ಬೇರೆ.

ಇನ್ನು ಮಕ್ಕಳು. ಚಿಕ್ಕದನ್ನು ಕರೆದುಕೊಂಡು ಹೋಗಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಅತ್ತೆಯವರು ಹೇಳಿದ ಬಯಲಾಟದ ಮಾತು ನೋಡೋಣ. ನಾವೆಲ್ಲ ಹಾಗೆ ಬೆಳೆದವರೇ. ಗದ್ದೆ ಕೊಯ್ಲಾದ ಮೇಲೆ ಹರಕೆ ಆಟ, ದುಡ್ಡಿಲ್ಲ, ಚಾಪೆ ಕಂಬಳಿ ಹೊತ್ತುಕೊಂಡು ಹೋಗಿ ಕೂತರೆ ಬೆಳಗಿನ ಜಾವದವರೆಗೆ ಆಟ. ಚಂಡೆ ಬಡಿತದ ನಡುವೆಯೇ ಅಮ್ಮನ ತೊಡೆ ಮೇಲೆ ನಿದ್ದೆ, ಬಣ್ಣದ ವೇಷ ಬಂದಾಗ ಎಬ್ಬಿಸುತ್ತಿದ್ದರು, ನಾವು ಹೆದರಿ ಮತ್ತೆ ಕಂಬಳಿಯೊಳಗೆ. ಆ ಸದ್ದಿಗೆ ಏನೂ ಆಗಲಿಲ್ಲವಲ್ಲ ಅನ್ನುತ್ತಾರೆ. ನಿಜ. ಆದರೆ ಆಗ ಇದ್ದದ್ದು ಒಂದು ಚಂಡೆ, ಒಂದು ಮದ್ದಳೆ, ಎರಡು ಹಾರ್ನ್. ಹಾರ್ನಿನ ಸದ್ದು ಕೀರಲು, ದೂರ ಹೋಗುತ್ತಿತ್ತು, ಆದರೆ ಎದೆಯೊಳಗೆ ಇಳಿಯುತ್ತಿರಲಿಲ್ಲ. ಈಗ ವೇದಿಕೆಯ ಬುಡದಲ್ಲಿ ನಾವು ಹದಿನೆಂಟು ಇಂಚಿನ ಬೇಸ್ ಬಾಕ್ಸ್‌ಗಳನ್ನು ಗೋಡೆಯ ಹಾಗೆ ಜೋಡಿಸುತ್ತೇವೆ. ಅದರ ಮುಂದೆ ನೀರಿನ ಬಾಟಲಿ ಇಟ್ಟರೆ ಒಳಗಿನ ನೀರು ನಡುಗುವುದು ಕಣ್ಣಿಗೇ ಕಾಣುತ್ತದೆ. ಅದರ ಎದುರು ಮಗು ಬೇಡ.

ಅಂದಹಾಗೆ ರಾತ್ರಿ ಹೊತ್ತು ಚಂಡೆ ಸದ್ದು ಮೂರು ಊರಾಚೆ ಕೇಳುತ್ತಿತ್ತಲ್ಲ, ಅದು ಚಂಡೆಯ ಒಂದರ ಮಹಿಮೆ ಅಲ್ಲ. ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗುತ್ತದೆ, ಮೇಲಿನದು ಸ್ವಲ್ಪ ಬೆಚ್ಚಗೆ ಉಳಿಯುತ್ತದೆ. ಮೇಲೆ ಹೋದ ಸದ್ದು ಬಾಗಿ ಮತ್ತೆ ಕೆಳಗೆ ಬರುತ್ತದೆ. ಮಲೆನಾಡಿನ ಕಣಿವೆಗಳಲ್ಲಿ ಚಳಿಗಾಲದ ರಾತ್ರಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಊರ ಹೊರಗಿನ ಮನೆಯವರು 'ನಿಮ್ಮ ಬೇಸ್ ಸದ್ದಿಗೆ ನಮ್ಮ ಕಿಟಕಿ ಗಾಜು ಅದುರ್ತಿತ್ತು' ಅಂತ ಬೈಯುವುದೂ ಇದೇ ಕಾರಣಕ್ಕೆ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ತಲೆ ಕೆಡಿಸಿಕೊಳ್ಳಬೇಡಿ. ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಕೆಲಸದ ಜಾಗದ ಸದ್ದಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿದ ಮಿತಿ ಹೀಗಿದೆ. 85 ಡೆಸಿಬಲ್ ಆದರೆ ದಿನಕ್ಕೆ 8 ಗಂಟೆ. ಮೂರು ಏರಿದರೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, ಹೀಗೇ ಹೋದರೆ 100 ಡೆಸಿಬಲ್‌ಗೆ ಬರೀ 15 ನಿಮಿಷ. ವೇದಿಕೆಯ ಮುಂದೆ 100 ದಾಟುವುದು ಮಾಮೂಲಿ. ಇದು ದೊಡ್ಡವರ ಕಿವಿಗೆ, ಅದೂ ದಿನಾ ಕೆಲಸ ಮಾಡುವವರಿಗೆ ಹಾಕಿದ ಲೆಕ್ಕ. ನೀವು ಒಂದು ರಾತ್ರಿ ಕೇಳಿದರೆ ಕಿವುಡರಾಗುವುದಿಲ್ಲ. ಆದರೆ ಒಂದು ವರ್ಷದ ಮಗುವಿಗೆ 'ಕಿವಿ ನೋಯ್ತಿದೆ' ಅಂತ ಹೇಳಲು ಬರುವುದಿಲ್ಲ, ಅಳುತ್ತದೆ ಅಷ್ಟೇ, ಆ ಅಳು ಆ ಸದ್ದಿನಲ್ಲಿ ನಿಮಗೂ ಕೇಳಿಸುವುದಿಲ್ಲ.

ಐದು ವರ್ಷದವನ ವಿಷಯ ಬೇರೆ. ಅವನಿಗೆ ಒಂದು ಉಪಾಯ ಇದೆ, ಇದನ್ನು ನಾನು ಎಲ್ಲರಿಗೂ ಹೇಳುವುದಿಲ್ಲ. ಸೌಂಡ್ ಚೆಕ್‌ಗೆ ಕರೆದುಕೊಂಡು ಬನ್ನಿ. ಮಧ್ಯಾಹ್ನ ಮೂರರಿಂದ ಐದರೊಳಗೆ ಬ್ಯಾಂಡ್‌ನವರೇ ಬಂದು ಒಂದೊಂದೇ ವಾದ್ಯ ಪರೀಕ್ಷೆ ಮಾಡುತ್ತಾರೆ. ಬಯಲಾದ್ದರಿಂದ ಬಾಗಿಲಿಲ್ಲ, ಬ್ಯಾರಿಕೇಡ್ ಆಚೆ ನಿಂತರೆ ಸಾಕು, ಯಾರೂ ಓಡಿಸುವುದಿಲ್ಲ. ಡ್ರಮ್ಮರ್ ಒಬ್ಬನೇ ಕೂತು ಕಾಲಿನಿಂದ ಧಬ್, ಧಬ್, ಧಬ್ ಅಂತ ಐದು ನಿಮಿಷ ಒಂದೇ ಪೆಟ್ಟು ಹಾಕುತ್ತಾನೆ. ಸದ್ದು ಹೊಂದಿಸುವ ಮಿಕ್ಸರ್ ಹತ್ತಿರದ ಹುಡುಗ ಕೈ ಎತ್ತಿ 'ಇನ್ನೊಮ್ಮೆ' ಅನ್ನುತ್ತಾನೆ. ಹಾಡುವವರು ಚಪ್ಪಲಿ, ಬನಿಯನ್ನಿನಲ್ಲೇ ಬಂದು ಮೈಕಿಗೆ 'ಹಾಂ, ಹೂಂ, ಟೀ ಬಂತಾ' ಅಂತಾರೆ. ಮಕ್ಕಳಿಗೆ ಇದು ರಾತ್ರಿ ಕಾರ್ಯಕ್ರಮಕ್ಕಿಂತ ಇಷ್ಟ. ಜನ ಇಲ್ಲ, ಓಡಾಡಲು ಜಾಗ ಇದೆ, ಬೇಕಾದರೆ ದೂರ ಹೋಗಬಹುದು. ಕಿವಿ ಮೇಲೆ ಹಾಕುವ ಇಯರ್ ಮಫ್ ಇದ್ದರೆ ಹಾಕಿಸಿ, ಇಲ್ಲದಿದ್ದರೆ ದೂರದಲ್ಲಿ ನಿಲ್ಲಿ, ಅರ್ಧ ಗಂಟೆ ಸಾಕು. ಆಮೇಲೆ ಐಸ್ ಕ್ರೀಂ ಕೊಡಿಸಿ ಮನೆಗೆ ಬಿಡಿ. 'ನಾನೂ ನೋಡಿ ಬಂದೆ' ಅಂತ ಅಜ್ಜಿಗೆ ಕಥೆ ಹೇಳುತ್ತಾ ಮಲಗುತ್ತಾನೆ. ರಾತ್ರಿ ನೀವಿಬ್ಬರೇ ಹೊರಟಾಗ ಜಗಳ ಅರ್ಧ ಕಡಿಮೆ.

ಹೊರಡುವಾಗ ಕಣ್ಣು ತಪ್ಪಿಸಿ ಹೋಗಬೇಡಿ. 'ಅಮ್ಮ ಹಾಲು ತರೋಕೆ ಹೋದ್ಲು' ಅಂತ ಅಜ್ಜಿ ಕೈಲಿ ಸುಳ್ಳು ಹೇಳಿಸಬೇಡಿ. ಮುಂದಿನ ಸಲ ನಿಜವಾಗಿ ಹಾಲಿಗೆ ಹೋದರೂ ಕಾಲು ಬಿಡುವುದಿಲ್ಲ. ಅತ್ತೆಯವರು ನಾಲ್ಕು ದಿನ ಮೊದಲೇ ಬಂದರೆ ಒಳ್ಳೆಯದು. ಎರಡು ರಾತ್ರಿ ಅವರೇ ಮಲಗಿಸಲಿ, ನೀವು ಪಕ್ಕದ ಕೋಣೆಯಲ್ಲಿರಿ. ಕಾರ್ಯಕ್ರಮದ ದಿನವೇ ಮೊದಲ ಪ್ರಯೋಗ ಮಾಡಬೇಡಿ. ನಾವು ಸೌಂಡ್ ಚೆಕ್ ಮಾಡುವುದೂ ಅದಕ್ಕೇ ಅಲ್ವಾ.

ಮುಂದಿನ ನಾಲ್ಕು ಸಾಲು ನನ್ನ ಹೆಂಡತಿ ಪಕ್ಕದಲ್ಲಿ ನಿಂತು ಬರೆಸುತ್ತಿದ್ದಾಳೆ. ಮಗು ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ಹೊರಡುವ ಮುಂಚೆ ಕುಡಿಸಿ, ಇಲ್ಲದಿದ್ದರೆ ಹಾಡಿನ ನಡುವೆ ನಿಮಗೇ ಎದೆ ಭಾರ ಆಗುತ್ತದೆ. ನಿಮ್ಮ ಹಳೇ ಹತ್ತಿ ಸೀರೆ ಮಗುವಿನ ಪಕ್ಕದಲ್ಲಿರಲಿ, ಮುಖಕ್ಕೆ ಬರದ ಹಾಗೆ. ಬಾತ್ರೂಮಿಗೆ ಮನೆಯಲ್ಲೇ ಹೋಗಿ ಬನ್ನಿ, ಅಲ್ಲಿ ನಿಲ್ಲಿಸಿರುವ ಗಾಡಿ ಶೌಚಾಲಯಕ್ಕೆ ಎಂಟೂವರೆ ಮೇಲೆ ಹೋಗುವ ಸ್ಥಿತಿ ಇರುವುದಿಲ್ಲ. ರೇಷ್ಮೆ ಬೇಡ. ಇಷ್ಟು ಅವಳ ಮಾತು.

ಎಲ್ಲಿ ನಿಲ್ಲಬೇಕು? ಇದು ನನ್ನ ಹೊಟ್ಟೆಪಾಡಿನ ಪ್ರಶ್ನೆ, ಹಾಗಾಗಿ ಖುಷಿಯಿಂದ ಹೇಳುತ್ತೇನೆ. ವೇದಿಕೆಗೆ ಎದುರಾಗಿ, ನಡುವೆ, ಸ್ವಲ್ಪ ಹಿಂದೆ ಒಂದು ಚಿಕ್ಕ ಪೆಂಡಾಲ್ ಇರುತ್ತದೆ. ಅದರೊಳಗೆ ಮಿಕ್ಸರ್, ಲೈಟಿನ ಬೋರ್ಡ್, ಇಬ್ಬರು ಮೂವರು ಹುಡುಗರು, ಅರ್ಧ ತಿಂದ ಚಿತ್ರಾನ್ನದ ಪೊಟ್ಟಣ. ಬ್ಯಾಂಡ್‌ನ ಸೌಂಡ್ ಇಂಜಿನಿಯರ್ ಅಲ್ಲಿ ಕೂತು ತನ್ನ ಕಿವಿಗೆ ಕೇಳಿಸಿದ್ದನ್ನು ನೋಡಿಕೊಂಡೇ ಎಲ್ಲವನ್ನೂ ಹೊಂದಿಸುತ್ತಾನೆ. ಅಂದರೆ ಇಡೀ ಮೈದಾನದಲ್ಲಿ ಹಾಡು ಸರಿಯಾಗಿ ಕೇಳಬೇಕಾದ ಜಾಗ ಅದೇ. ಆ ಪೆಂಡಾಲಿನ ಪಕ್ಕದಲ್ಲಿ ಅಥವಾ ಹಿಂದೆ ನಾಲ್ಕೈದು ಮಾರು ದೂರದಲ್ಲಿ ನಿಲ್ಲಿ. ನಮ್ಮ ಹುಡುಗರ ಕಣ್ಣಿಗೆ ಅಡ್ಡ ಬರಬೇಡಿ, ಮಿಕ್ಸರ್ ಮೇಲೆ ನೀರಿನ ಬಾಟಲಿ ಇಡಬೇಡಿ, ಅಷ್ಟೇ.

ಬಯಲಿನಲ್ಲಿ ಸದ್ದಿಗೆ ಗೋಡೆ ಇಲ್ಲ. ಒಂದು ಸಾಮಾನ್ಯ ಸ್ಪೀಕರಿನಿಂದ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಲೈನ್ ಅರೇ, ಅಂದರೆ ಬಾಳೆಗೊನೆಯ ಹಾಗೆ ಮೇಲಿಂದ ಇಳಿಬಿಟ್ಟ ಸ್ಪೀಕರ್ ಸಾಲು, ಸ್ವಲ್ಪ ದೂರದವರೆಗೆ ಇದಕ್ಕಿಂತ ನಿಧಾನವಾಗಿ ಇಳಿಸುತ್ತದೆ. ಹಾಗಾಗಿ ಹಿಂದೆ ನಿಂತವರು ಏನೂ ಕಳೆದುಕೊಳ್ಳುವುದಿಲ್ಲ. ತೀರಾ ಹಿಂದೆ, ನೂರು ಮೀಟರ್ ಆಚೆ ಹೋದರೆ ಒಂದು ತಮಾಷೆ ಕಾಣುತ್ತದೆ. ಡ್ರಮ್ಮರ್‌ನ ಕೋಲು ಕೆಳಗೆ ಬಂದಿರುತ್ತದೆ, ಸದ್ದು ಇನ್ನೂ ಬಂದಿರುವುದಿಲ್ಲ. ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಸದ್ದಿಗೆ ಅಲ್ಲಿಗೆ ಬರಲು ಹೆಚ್ಚುಕಡಿಮೆ ಮೂರನೇ ಒಂದು ಸೆಕೆಂಡು ಬೇಕು.

ಮುಂದಿನ ಸೋಫಾಗಳ ಬಗ್ಗೆ ಒಂದು ಗುಟ್ಟು. ಭಾಷಣ ಮುಗಿದ ಕೂಡಲೇ ಅಲ್ಲಿದ್ದವರಲ್ಲಿ ಅರ್ಧ ಜನ ಎದ್ದು ಹೋಗುತ್ತಾರೆ. ಆಗ ಹಿಂದಿನವರೆಲ್ಲ ಮುಂದಕ್ಕೆ ನುಗ್ಗುತ್ತಾರೆ. ನೀವು ಆ ಆಸೆಗೆ ಬೀಳಬೇಡಿ. ಇಡೀ ರಾತ್ರಿಯಲ್ಲಿ ನನಗೆ ಭಯ ಆಗುವ ಹತ್ತು ನಿಮಿಷ ಅದೇ. ಟಿಕೆಟ್ ಇಲ್ಲದ ಕಡೆ ಎಷ್ಟು ಜನ ಬರುತ್ತಾರೆ ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರಲ್ಲ, ಅವರೂ ಖುಷಿಯಾಗಿ ಸಂಭ್ರಮ ನೋಡಲು ಬಂದವರೇ. ನಮ್ಮೂರಿನ ಜನ ಅಷ್ಟಿಲ್ಲ, ಆದರೆ ಬ್ಯಾರಿಕೇಡ್ ಮತ್ತು ಗೇಟಿನ ನಡುವೆ ಸಿಕ್ಕಿಕೊಂಡರೆ ಐನೂರು ಜನವೂ ಸಾಕು. ನಿಮ್ಮ ಎರಡೂ ಕೈ ಎತ್ತಿ ಎದೆ ಮುಂದೆ ತರಲು ಆಗುತ್ತಿಲ್ಲ ಅನ್ನಿಸಿದರೆ ಜನ ಜಾಸ್ತಿಯಾಯಿತು ಅಂತ ಅರ್ಥ. ಆಗ ನೂಕುವವರ ಎದುರು ನೂಕಬೇಡಿ. ಕೈ ಎದೆ ಮುಂದೆ ಇಟ್ಟುಕೊಂಡು ಓರೆಯಾಗಿ ಪಕ್ಕಕ್ಕೆ ಸರಿಯುತ್ತಾ ಬನ್ನಿ. ಚಪ್ಪಲಿ ಬಿದ್ದರೆ ಬಗ್ಗಬೇಡಿ. ಹೋಗಲಿ ಬಿಡಿ, ಗಾಂಧಿ ಬಜಾರಿನಲ್ಲಿ ಬೇಕಾದಷ್ಟು ಚಪ್ಪಲಿ ಇವೆ.

ಇಯರ್ ಪ್ಲಗ್ ತೆಗೆದುಕೊಳ್ಳಿ ಅಂದರೆ ಜನ ನಗುತ್ತಾರೆ, ಹಾಡು ಕೇಳಲು ಹೋಗಿ ಕಿವಿ ಮುಚ್ಚಿಕೊಳ್ಳುವುದಾ ಅಂತ. ನಾನು ಮೂವತ್ತು ವರ್ಷ ಪ್ಲಗ್ ಹಾಕದೆ ದುಡಿದೆ. ಈಗ ಮಗಳು ಹಿಂದಿನಿಂದ ಕರೆದರೆ ಗೊತ್ತಾಗುವುದಿಲ್ಲ, ಮಲಗಿದಾಗ ಜೀರುಂಡೆ ಸದ್ದು ನಿಲ್ಲುವುದೇ ಇಲ್ಲ, ಬೇಸಿಗೆಯಲ್ಲೂ. ಮೆತ್ತಗಿನ ಫೋಮ್ ಪ್ಲಗ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬೆರಳಲ್ಲಿ ಹೊಸೆದು ತೆಳ್ಳಗೆ ಬತ್ತಿಯ ಹಾಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗೆ ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಹಿಡಿದುಕೊಳ್ಳಿ. ಹಾಡು ಕೇಳಿಸುತ್ತದೆ, ಚುಚ್ಚುವುದಿಲ್ಲ. ಹತ್ತಿ ತುರುಕಿಕೊಂಡರೆ ಹೆಚ್ಚೇನೂ ಪ್ರಯೋಜನ ಇಲ್ಲ. ಮರುದಿನ ಕಿವಿಯೊಳಗೆ ಗುಯ್‌ಗುಟ್ಟುವುದು ಎರಡು ದಿನವಾದರೂ ನಿಲ್ಲದಿದ್ದರೆ ಕಿವಿ ಡಾಕ್ಟರ ಹತ್ತಿರ ಹೋಗಿ.

ಮಳೆ. ನಮ್ಮೂರಲ್ಲಿ ಬಯಲು ಕಾರ್ಯಕ್ರಮ ಅಂದರೆ ದಸರಾ ಸುತ್ತಮುತ್ತಲೇ ಜಾಸ್ತಿ, ಅದು ಹಸ್ತ, ಚಿತ್ತಾ ಮಳೆಯ ಕಾಲ. ಬೆಳಿಗ್ಗೆಯಿಂದ ಸುಡು ಬಿಸಿಲು, ಸಂಜೆ ನಾಲ್ಕಕ್ಕೆ ಪಶ್ಚಿಮದಲ್ಲಿ ಕಪ್ಪು, ಆಮೇಲೆ ಗುಡುಗು. ಆಷಾಢದ ಜಿಟಿಜಿಟಿ ಮಳೆಯಾದರೆ ಕೊಡೆ ಹಿಡಿದು ಹಾಡು ಕೇಳಬಹುದು. ಇದು ಹಾಗಲ್ಲ, ಸಿಡಿಲಿನ ಮಳೆ. ಮಿಂಚು ಕಂಡಮೇಲೆ ಎಣಿಸಿ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಮೈದಾನ ಬಿಡಿ. ಮರದ ಕೆಳಗೆ ಬೇಡ, ಲೈಟು, ಸ್ಪೀಕರ್ ಕಟ್ಟುವ ನಮ್ಮ ಕಬ್ಬಿಣದ ಟ್ರಸ್ ಹತ್ತಿರ ಬೇಡವೇ ಬೇಡ. ಕಾರಿದ್ದರೆ ಕಾರಿನೊಳಗೆ, ಇಲ್ಲದಿದ್ದರೆ ಪಕ್ಕಾ ಕಟ್ಟಡದೊಳಗೆ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು. ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಅಂತ ಒಂದು ಆ್ಯಪ್ ಇದೆ, ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಅಂತ ತೋರಿಸುತ್ತದೆ. ನಾನು ಕೆಲಸದ ದಿನ ಅದನ್ನು ತೆರೆದೇ ಇಟ್ಟಿರುತ್ತೇನೆ.

ಕಾರ್ಯಕ್ರಮ ನಡೆಯುತ್ತದೋ ಇಲ್ಲವೋ ಅಂತ ಗೊತ್ತಾಗಬೇಕಾದರೆ ಆಕಾಶ ನೋಡಬೇಡಿ, ನಮ್ಮ ಹುಡುಗರನ್ನು ನೋಡಿ. ಸ್ಪೀಕರಿಗೆ ನೀಲಿ ಟಾರ್ಪಾಲು ಹೊದಿಸಿ ಪಕ್ಕದಲ್ಲಿ ನಿಂತು ಬೀಡಿ ಸೇದುತ್ತಿದ್ದರೆ ಮತ್ತೆ ಶುರುವಾಗುತ್ತದೆ, ಕಾಯಿರಿ. ಎಲ್‌ಇಡಿ ಪರದೆ ಕೆಳಗಿಳಿಸುತ್ತಿದ್ದರೆ ಗಾಳಿಗೆ ಹೆದರಿದ್ದಾರೆ, ಆದರೂ ಸ್ವಲ್ಪ ಆಸೆ ಇದೆ. ಕೇಬಲ್ ಸುತ್ತಲು ಶುರು ಮಾಡಿದರೆ ಮುಗಿಯಿತು. ಮೈಕಿನಲ್ಲಿ ನಿರೂಪಕರು 'ಇನ್ನು ಕೆಲವೇ ಕ್ಷಣಗಳಲ್ಲಿ' ಅಂತ ಹೇಳುತ್ತಿದ್ದರೂ ನೀವು ಹೊರಡಿ, ಪಾರ್ಕಿಂಗ್ ಖಾಲಿ ಇರುವಾಗಲೇ.

ಆ ಮೈದಾನ ಹಳೇ ಜೈಲಿನ ಜಾಗ. ಈಗ ಅಲ್ಲಮಪ್ರಭು ಹೆಸರಿಟ್ಟಿದ್ದಾರೆ, ಆದರೆ ಆಟೋದವರಿಗೆ ಇನ್ನೂ ಫ್ರೀಡಂ ಪಾರ್ಕೇ. ಮಳೆ ಬಿದ್ದ ಮೇಲೆ ಆ ನೆಲ ಹಿಡಿದುಕೊಳ್ಳುತ್ತದೆ, ಅಂಗಾಲಿಗೆ ಅರ್ಧ ಕೆಜಿ ಮಣ್ಣು. ಹಳೇ ಶೂ ಹಾಕಿ. ಕೊಡೆಗಿಂತ ಪ್ಲಾಸ್ಟಿಕ್ ರೇನ್‌ಕೋಟ್ ಒಳ್ಳೆಯದು, ಹಿಂದಿನವರು ಬೈಯುವುದಿಲ್ಲ. ಕೂರಲು ಒಂದು ಹಳೇ ಬೆಡ್‌ಶೀಟ್, ಒಂದು ಶಾಲು. ಕಾರು ಬೇಡ, ಸ್ಕೂಟರಲ್ಲಿ ಬನ್ನಿ, ಸ್ವಲ್ಪ ದೂರದ ಅಡ್ಡರಸ್ತೆಯಲ್ಲಿ ಮನೆ ಕಡೆ ಮುಖ ಮಾಡಿ ನಿಲ್ಲಿಸಿ. ನಿಮಗೆ ಹತ್ತಿರ, ಸರಿ. ತೀರ್ಥಹಳ್ಳಿ, ಸಾಗರ ಕಡೆಯಿಂದ ಬರುವ ನಿಮ್ಮ ಸ್ನೇಹಿತರಿದ್ದರೆ ರಾತ್ರಿ ವಾಪಸ್ ಹೋಗಬೇಡಿ ಅನ್ನಿ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ದಾಟಿದ ಮೇಲೆ ಕಾಡು, ಹಂದಿ, ಜಿಂಕೆ ಅಡ್ಡ ಬರುತ್ತವೆ, ಮಂಜು ಬೇರೆ. ನಿಮ್ಮ ಮನೆಯಲ್ಲೇ ಮಲಗಲಿ, ಹೇಗೂ ಅತ್ತೆಯವರು ಜಾಸ್ತಿ ಅಡುಗೆ ಮಾಡಿಟ್ಟಿರುತ್ತಾರೆ.

ನಿಮ್ಮ ಇಷ್ಟದ ಹಾಡು ಕೊನೆಗೆ ಬರುತ್ತದೆ ಅಂತ ಕಾಯಬೇಡಿ. 10ಕ್ಕೆ ಕರೆಂಟ್ ತೆಗೆಸುತ್ತಾರೆ ಅಂತ ಗೊತ್ತಿರುವ ಬ್ಯಾಂಡ್‌ಗಳು ಹಿಟ್ ಹಾಡನ್ನು ನಡುವೆಯೇ ಹಾಡಿಬಿಡುತ್ತವೆ. ಆ ಹೊತ್ತಿಗೆ ಮಂಡಕ್ಕಿ ತರಲು ಹೋಗಬೇಡಿ, ಇಬ್ಬರೂ ಜೊತೆಯಲ್ಲಿರಿ. ವಿಡಿಯೋ ಕೂಡ ಬೇಡ. ಫೋನಿನ ಮೈಕ್ ಆ ಬೇಸ್ ಸದ್ದಿಗೆ ಒಡೆದು ಬರೀ ಗೊರಗೊರ ಅನ್ನುತ್ತದೆ, ಮರುದಿನ ಹಾಕಿ ಕೇಳಿದರೆ ನಾವು ಸೌಂಡ್ ಹಾಕಿದ್ದೇ ಸರಿ ಇಲ್ಲ ಅಂತ ನಮ್ಮನ್ನು ಬೈಯುತ್ತೀರಿ.

ಮುಗಿದ ಕೂಡಲೇ ಗೇಟಿಗೆ ಓಡಬೇಡಿ. ಮಕ್ಕಳು ಮಲಗಿದ್ದಾರೆ, ಅತ್ತೆ ಇದ್ದಾರೆ, ಹತ್ತು ನಿಮಿಷದಲ್ಲಿ ಏನೂ ಆಗುವುದಿಲ್ಲ. ಬೆಡ್‌ಶೀಟ್ ಮೇಲೆ ಕೂತಿರಿ. ಜನ ಕರಗಲಿ. ನಮ್ಮ ಹುಡುಗರು ಲೈಟ್ ಒಂದೊಂದೇ ಆರಿಸುತ್ತಾ, ಕೇಬಲನ್ನು ಮೊಣಕೈಗೆ ಸುತ್ತುತ್ತಾ ಬರುವುದು ಕಾಣುತ್ತದೆ. ಅವರು ಬಂದು 'ಮೇಡಂ, ಸ್ವಲ್ಪ ಕಾಲು ಎತ್ತಿ' ಅಂದಾಗ ಏಳಿ. ದಾರಿಯಲ್ಲಿ ಟೀ ಅಂಗಡಿ ತೆರೆದಿದ್ದರೆ ಒಂದು ಟೀ ಕುಡಿಯಿರಿ.

ಮನೆ ಕೀ ಮಾತ್ರ ಮರೆಯದೆ ತೆಗೆದುಕೊಂಡು ಹೋಗಿ. ಚಿಲಕ ಹಾಕಬೇಡಿ ಅಂತ ಅತ್ತೆಯವರಿಗೂ ಹೇಳಿರಿ. ಹನ್ನೊಂದು ಗಂಟೆಗೆ ಬೆಲ್ ಹೊಡೆದರೆ ಚಿಕ್ಕದು ಎದ್ದು ಕೂರುತ್ತದೆ, ಮತ್ತೆ ಮಲಗಿಸಲು ಎರಡು ಗಂಟೆ ಬೇಕು.